ಎಲೆ ಚಿತ್ರದ ಪುಡಿ

ಗಿಣ್ಣು ಹಾಲು ನಮ್ಮ ಬೀದಿಯಲ್ಲಿ ದುಡ್ಡಿಗೆ ಸಿಗುತ್ತಿರಲಿಲ್ಲ. ಹಸು ಕರು ಹಾಕಿದ ಮೇಲಿನ ಮೊದಲ ಹಾಲನ್ನು ಮಾರಬಾರದು, ಕಲಗಚ್ಚು ಕೊಟ್ಟವರ ಮನೆಗೆ ಕಳಿಸಬೇಕು ಎಂಬುದು ಹಳೇಬೀಡಿನಲ್ಲಿ ನಮ್ಮ ಬೀದಿಯ ದನ ಸಾಕಿದವರೆಲ್ಲ ಪಾಲಿಸುತ್ತಿದ್ದ ಮಾತು. ಕಲಗಚ್ಚೆಂದರೆ ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ಪಾತ್ರೆಗಂಟಿದ ಮುದ್ದೆ ಅನ್ನದ ಮುಸುರೆ, ಎಲ್ಲ ಒಂದೇ ಬಕೀಟಿನಲ್ಲಿ. ದನ ಇಲ್ಲದ ಮನೆಯವರು ಅದನ್ನು ಬಾಗಿಲ ಪಕ್ಕ ಇಡುತ್ತಿದ್ದರು, ದನ ಇದ್ದವರು ಬಂದು ಒಯ್ಯುತ್ತಿದ್ದರು. ವರ್ಷವಿಡೀ ಮುಸುರೆ ಕೊಟ್ಟವರಿಗೆ ಒಂದು ದಿನ ಚೊಂಬಿನ ತುಂಬ ಹಳದಿ ಹಾಲು. ಅದನ್ನು ಯಾರೂ ಕೇಳಿ ಪಡೆಯುತ್ತಿರಲಿಲ್ಲ, ಕೊಡುವುದನ್ನು ಮರೆಯುತ್ತಲೂ ಇರಲಿಲ್ಲ.

ನಾವು ಆ ಬೀದಿಗೆ ಬಾಡಿಗೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಮ್ಮ ಮಾದಿಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಪ್ಪನಿಗೆ ಅರಸೀಕೆರೆಯಲ್ಲಿ ರೈಲ್ವೆ ಕೆಲಸ, ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು. ಬಾಡಿಗೆ ಮನೆ ಹುಡುಕುವಾಗ ಯಾವ ಊರಲ್ಲಾದರೂ ಹೆಸರಿಗಿಂತ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ. ಅಮ್ಮ ಆ ಪ್ರಶ್ನೆ ಬರುವವರೆಗೆ ಕಾಯುತ್ತಿರಲಿಲ್ಲ, ನಾವು ಇಂಥವರು ಎಂದು ತಾನೇ ಹೇಳಿಬಿಡುತ್ತಿದ್ದಳು. ತಕ್ಷಣ ಮನೆ ಖಾಲಿ ಇಲ್ಲವೆಂಬುದು ಮನೆಯ ಮಾಲೀಕರಿಗೆ ನೆನಪಾಗುತ್ತಿತ್ತು. ಈ ಮನೆಯ ಯಜಮಾನರು ದೂರದ ಊರಲ್ಲಿದ್ದರು, ಬಾಡಿಗೆ ಬಂದರೆ ಸಾಕು ಎಂದಿದ್ದರು, ಹಾಗಾಗಿ ಸಿಕ್ಕಿತು.

ಬೀದಿಯವರು ಕೆಟ್ಟದಾಗಿ ಏನೂ ನಡೆದುಕೊಳ್ಳಲಿಲ್ಲ. ನಾವು ನಕ್ಕರೆ ಅವರೂ ನಗುತ್ತಿದ್ದರು. ಹಬ್ಬ ಹುಣ್ಣಿಮೆಗೆ ಮನೆಮನೆಗೆ ಹೋಗಿ ಕರೆಯುವಾಗ ಮಾತ್ರ ನಮ್ಮ ಬಾಗಿಲು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಹುಟ್ಟಾ ಕೋಪಿಷ್ಠೆ, ಹಲ್ಲು ಕಡಿಯುತ್ತಿದ್ದೆ. ಅಮ್ಮ, "ಕರೀದಿದ್ರೆ ಬಿಡು, ನಂಗಾದ್ರೂ ಹೋಗಕ್ಕೆ ಟೈಮೆಲ್ಲಿದೆ" ಎನ್ನುತ್ತಿದ್ದಳು. ಟೈಮು ಬೇಕಾದಷ್ಟಿತ್ತು.

ಎದುರುಮನೆಯವರದು ಹೊಲ, ತೆಂಗಿನ ತೋಟ ಇದ್ದ ಒಕ್ಕಲುತನದ ಮನೆ. ಹೊಲವೆಲ್ಲ ಗಂಡನದು, ಕೊಟ್ಟಿಗೆಯಲ್ಲಿದ್ದ ಕೆಂದ ಹಸು ಮಾತ್ರ ಆ ಮನೆಯ ಹೆಂಗಸಿನದು. ಅದಕ್ಕೆ ಮೇವು ಹಾಕಲೂ ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರು ಬೀದಿ ದಾಟಿ ನೇರ ನಮ್ಮ ಬಾಗಿಲಿಗೆ ಬಂದರು.

"ಟೀಚ್ರಮ್ಮ, ನೀವು ಕಲಗಚ್ಚು ಎಲ್ಲಿಗೆ ಚೆಲ್ತೀರ?"

"ಚರಂಡಿಗೆ," ಎಂದಳು ಅಮ್ಮ.

"ಅಯ್ಯ, ಚರಂಡಿ ಏನು ಹಾಲು ಕೊಡ್ತದಾ? ಒಂದು ಬಕೀಟಲ್ಲಿ ಇಟ್ಟಿರಿ, ನಮ್ಮ ಹಸೀಗೆ ಆಯ್ತದೆ."

ಅವರು ಹೋದಮೇಲೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ನಮ್ಮ ಪಾತ್ರೆ ತೊಳೆದ ನೀರನ್ನ ಅವರ ಹಸು ಕುಡಿಯುತ್ತೆ. ಆ ಹಾಲು ಅವರ ದೇವರ ಮನೆಗೆ ಹೋಗುತ್ತೆ ಕಣೇ" ಎಂದಳು. ಅದರಲ್ಲೇನು ಬಂತು ಎಂದೆ ನಾನು. ಆ ಶನಿವಾರ ಅಪ್ಪ ಅರಸೀಕೆರೆಯಿಂದ ಹೊಸ ನೀಲಿ ಬಕೀಟು ತಂದ. ಮನೆಯಲ್ಲಿ ಕುಡಿಯುವ ನೀರಿನ ಕೊಡವನ್ನೂ ಅಮ್ಮ ಅಷ್ಟು ಉಜ್ಜುತ್ತಿರಲಿಲ್ಲ, ಆ ಮುಸುರೆ ಬಕೀಟನ್ನು ದಿನಾ ಉಜ್ಜುತ್ತಿದ್ದಳು.

ನಾನು ಎದುರುಮನೆಯವರನ್ನು ಆಂಟಿ ಎಂದಾಗ ಅವರು ಮುಖ ಸಿಂಡರಿಸಿದರು. "ಆಂಟಿ ಗೀಂಟಿ ಅಂದ್ರೆ ನಾನು ಓಗೊಡಾಕಿಲ್ಲ. ದೊಡ್ಡಮ್ಮ ಅನ್ನು" ಎಂದರು. ಅಂದಿನಿಂದ ಅವರು ದೊಡ್ಡಮ್ಮ. ಆ ವರ್ಷ ಹಸು ಕರು ಹಾಕಿದಾಗ ಗಿಣ್ಣು ಹಾಲಿನ ಚೊಂಬು ನಮ್ಮ ಮನೆಗೂ ಬಂತು. ಅಮ್ಮ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಮೊದಲ ತುಂಡನ್ನು ಬಾಯಿಗಿಟ್ಟವಳೇ ಅತ್ತಳು. ಯಾಕೆಂದು ಕೇಳಿದರೆ ಬೆಲ್ಲ ಜಾಸ್ತಿಯಾಯಿತು ಎಂದಳು. ಬೆಲ್ಲ ಸರಿಯಾಗಿಯೇ ಇತ್ತು.

ಇಲ್ಲಿ ಅಮ್ಮನ ಓದಿನ ಹುಚ್ಚಿನ ಬಗ್ಗೆ ಹೇಳಬೇಕು. ಅವಳ ಅಪ್ಪನದು ಹೆಬ್ಬೆಟ್ಟು. ಊರಿನ ದೊಡ್ಡವರು ಬಾಯಿಮಾತಿನಲ್ಲಿ ಕೊಟ್ಟ ಎಷ್ಟೋ ಭರವಸೆಗಳು ಅವಳ ಮನೆಯವರ ಪಾಲಿಗೆ ಗಾಳಿಗೆ ಹೋಗಿದ್ದವು. ಕೈಹಿಡಿದದ್ದು ಅಕ್ಷರ ಒಂದೇ. ಅದರಿಂದ ಕೆಲಸ ಬಂತು, ಸಂಬಳ ಬಂತು, ಕೂರಲು ಕುರ್ಚಿ ಬಂತು. ಹೀಗಾಗಿ ಕನ್ನಡದಲ್ಲಿ ಅಚ್ಚಾದದ್ದು ಏನು ಸಿಕ್ಕಿದರೂ ಅವಳು ಬಿಡುತ್ತಿರಲಿಲ್ಲ. ಕಡಲೆಕಾಯಿ ಕಟ್ಟಿದ ಕಾಗದ, ಬೆಂಕಿಪೊಟ್ಟಣ, ಬಸ್ ಟಿಕೇಟಿನ ಬೆನ್ನು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ನಾನು ಹಾಸ್ಯ ಮಾಡಿದರೆ, "ಅಚ್ಚು ಹಾಕಿದ್ಮೇಲೆ ಅದಕ್ಕೊಂದು ಜವಾಬ್ದಾರಿ ಇರುತ್ತೆ ಕಣೇ, ಬಾಯಿಮಾತಿನ ಹಾಗಲ್ಲ" ಎನ್ನುತ್ತಿದ್ದಳು. ಬೇರೆಯವರಿಗೆ ದೇವರ ಮೇಲೆ ಇದ್ದ ನಂಬಿಕೆ ಅಮ್ಮನಿಗೆ ಅಚ್ಚಿನ ಮೇಲಿತ್ತು.

ನಮ್ಮ ಮನೆಯಲ್ಲಿ ಪಾತ್ರೆಗೆ ಹಾಕುತ್ತಿದ್ದುದು ಮಾಮೂಲಿ ಸೋಪು. ಅಮ್ಮ ಬರೀ ನೀರಲ್ಲಿ ಮೊದಲು ಪಾತ್ರೆ ತೊಳೆದು ಆ ಮುಸುರೆಯನ್ನು ಬಕೀಟಿಗೆ ಹಾಕಿ, ಆಮೇಲಿನ ಸೋಪಿನ ನೀರನ್ನು ಚರಂಡಿಗೆ ಬಿಡುತ್ತಿದ್ದಳು. ಒಂದು ದಿನ ಮೈಕು ಕಟ್ಟಿಕೊಂಡ ವ್ಯಾನೊಂದು ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಪಾತ್ರೆ ತೊಳೆಯುವ ಹೊಸ ಪುಡಿಯ ಸಣ್ಣ ಪೊಟ್ಟಣಗಳನ್ನು ಪುಕ್ಕಟೆ ಹಂಚಿತು. ಪೊಟ್ಟಣದ ಮೇಲೆ ದೊಡ್ಡದೊಂದು ಹಸಿರು ಎಲೆ, ಎಲೆಯ ತುದಿಯಲ್ಲಿ ನೀರಿನ ಹನಿ. ಕೆಳಗೆ ಚಂದದ ಕನ್ನಡದಲ್ಲಿ, "ಪ್ರಕೃತಿಯಿಂದಲೇ ಬಂದದ್ದು. ನೆಲ, ಜಲ, ಜೀವಕ್ಕೆ ಹಾನಿಯಿಲ್ಲ. ಪರಿಸರಸ್ನೇಹಿ." ಆಗ ಪರಿಸರಸ್ನೇಹಿ ಎಂಬುದು ಹೊಸ ಮಾತು. ಅಮ್ಮನಿಗೆ ಅದು ಎಷ್ಟು ಹಿಡಿಸಿತೆಂದರೆ ಮರುದಿನ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಹೇಳಿಸಿದಳಂತೆ.

ಸಂಜೆ ಪೊಟ್ಟಣ ಹಿಡಿದು ಎದುರುಮನೆಗೆ ಹೋಗಿ ಓದಿ ಹೇಳಿದಳು. "ಜೀವಕ್ಕೆ ಹಾನಿಯಿಲ್ಲ ಅಂದ್ರೆ ಹಸೂಗೂ ಇಲ್ಲ ಅಕ್ಕ. ಇನ್ನು ತೊಳೆದ ನೀರನ್ನೆಲ್ಲ ನಿಮ್ಮ ಬಕೀಟಿಗೇ ಹಾಕ್ತೀನಿ. ಪಾತ್ರೆಯ ತಳದ ಗಂಜಿಯೂ ದಂಡ ಆಗಲ್ಲ."

ದೊಡ್ಡಮ್ಮ ಪೊಟ್ಟಣವನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. "ನಂಗೇನು ತಿಳೀತದೆ? ಓದಿದೋರು ನೀವು ಹೇಳಿದ್ಮೇಲೆ ಆಯ್ತು ಬುಡಿ."

ಆ ಪುಡಿ ಮಾಮೂಲಿ ಸೋಪಿಗಿಂತ ದುಬಾರಿ, ಅರಸೀಕೆರೆಯ ದೊಡ್ಡ ಅಂಗಡಿಯಲ್ಲಿ ಮಾತ್ರ ಸಿಗುತ್ತಿತ್ತು. ಅಪ್ಪ ಗೊಣಗಿಕೊಂಡೇ ತರುತ್ತಿದ್ದ. "ನಮಗೋಸ್ಕರ ಅಲ್ಲ, ಅವರ ಹಸೂಗೋಸ್ಕರ" ಎಂದು ಅಮ್ಮ ಅವನ ಬಾಯಿ ಮುಚ್ಚಿಸುತ್ತಿದ್ದಳು. ಆ ಹಸು ಅವಳಿಗೆ ಅಷ್ಟು ಬೇಕಾಗಿತ್ತು. ಆ ಬೀದಿಯಲ್ಲಿ ನಮ್ಮಿಂದ ಏನನ್ನಾದರೂ ಅನುಮಾನವಿಲ್ಲದೆ ತೆಗೆದುಕೊಂಡ ಜೀವ ಅದೊಂದೇ.

ಪುಡಿ ಬೆರೆತ ಮೇಲೆ ಮೊದಮೊದಲು ಹಸು ನಮ್ಮ ಕಲಗಚ್ಚನ್ನು ಮೂಸಿ ಮುಖ ತಿರುಗಿಸಿತು. ಪುಡಿಗೆ ನಿಂಬೆಹಣ್ಣಿನ ವಾಸನೆ ಇತ್ತು. ದೊಡ್ಡಮ್ಮ ಬೂಸಾ, ಹಿಂಡಿ ಕಲಸಿ ಪುಸಲಾಯಿಸುತ್ತಿದ್ದುದು ನಮ್ಮ ಜಗಲಿಗೇ ಕೇಳಿಸುತ್ತಿತ್ತು. "ಟೀಚ್ರಮ್ಮನ ಮನೇದು ಕಣೇ. ಬಿಂಕ ಮಾಡ್ಬ್ಯಾಡ, ಕುಡಿ." ಅಮ್ಮ ಇಲ್ಲಿ ಒಬ್ಬಳೇ ನಗುತ್ತಿದ್ದಳು. ಕೆಲವು ದಿನಕ್ಕೆ ಹಸುವಿಗೆ ರೂಢಿಯಾಯಿತು.

ಹಸು ಮತ್ತೆ ಗಬ್ಬವಾಗಿತ್ತು. ದಿನ ತುಂಬಲು ಇನ್ನೂ ಬಹಳ ಇರುವಾಗ ಅದಕ್ಕೆ ಭೇದಿ ಹತ್ತಿತು. ಹೊಟ್ಟೆ ಉಬ್ಬಿತು, ಮೇವು ಬಿಟ್ಟಿತು. ಒಂದು ಮಧ್ಯಾಹ್ನ ಕಂದು ಹಾಕಿತು. ಹೊಟ್ಟೆಯಲ್ಲಿದ್ದ ಕರು ಬೆಳೆಯುವ ಮೊದಲೇ ಸತ್ತು ಕೆಳಗೆ ಬಿದ್ದಿತ್ತು. ಸುದ್ದಿ ಕೇಳಿ ಅಮ್ಮ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ಅವರ ಕೊಟ್ಟಿಗೆಗೆ ಹೋದಳು. ದೊಡ್ಡಮ್ಮ ಸಗಣಿ ನೆಲದ ಮೇಲೆ ಕೂತಿದ್ದರು, ಅಮ್ಮನೂ ಸೀರೆ ನೋಡದೆ ಪಕ್ಕದಲ್ಲಿ ಕೂತಳು. ನೆರೆದಿದ್ದವರಲ್ಲಿ ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ಗಾಳಿ ಎಂದರು. ದನದ ಡಾಕ್ಟರನ್ನು ಕರೆಸಿ ಎಂದವಳು ಅಮ್ಮನೇ. ಅವರು ಮರುದಿನ ಬಂದು ಹೋದರು. ಏನು ಹೇಳಿದರೋ ನಮಗೆ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಆ ಪುಡಿಯ ನೆನಪು ಮಾತ್ರ ಬರಲಿಲ್ಲ.

ದೊಡ್ಡಮ್ಮ ಎಂದಿನಂತೆ ಬಂದು ಬಕೀಟು ಒಯ್ಯುತ್ತಿದ್ದರು, ತೊಳೆದು ತಂದಿಡುತ್ತಿದ್ದರು. ಮಾತು ಸ್ವಲ್ಪ ಕಡಿಮೆಯಾಗಿತ್ತು. ದುಃಖ ಇರುತ್ತದೆ, ಬಿಡು ಎಂದಳು ಅಮ್ಮ. ಒಂದು ಭಾನುವಾರ, ಹಸು ಸೊರಗಿದೆ ಎಂದು ಹುರುಳಿ ಬೇಯಿಸಿ, ನನ್ನನ್ನೂ ಕರೆದುಕೊಂಡು ಅವರ ಹಿತ್ತಲ ಕಡೆಯಿಂದ ಹೋದಳು. ಕೊಟ್ಟಿಗೆಯ ಹಿಂದೆ ದೊಡ್ಡಮ್ಮ ನಮಗೆ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲಿ ನಮ್ಮ ನೀಲಿ ಬಕೀಟು. ಅದರಲ್ಲಿದ್ದದ್ದನ್ನೆಲ್ಲ ಚರಂಡಿಗೆ ಸುರಿದು, ಬಕೀಟಿಗೆ ನೀರು ಹಾಕಿ ಗಲಬರಿಸಿ ಅದನ್ನೂ ಚೆಲ್ಲಿದರು. ಆಮೇಲೆ ಪಕ್ಕದ ಮನೆಯ ಬಕೀಟನ್ನು ಎತ್ತಿ ಹಸುವಿನ ಬಾನಿಗೆ ಹುಯ್ದರು. ಹಸು ಕುಡಿಯತೊಡಗಿತು. ಚರಂಡಿಯಲ್ಲಿ ಬಿಳಿ ನೊರೆ ನಿಂತಿತ್ತು. ನೊರೆಯನ್ನು ನಾನೂ ನೋಡಿದೆ, ಅಮ್ಮನೂ ನೋಡಿದಳು. ಆದರೆ ನಾವು ನೋಡಿದ್ದು ನೊರೆಯನ್ನಲ್ಲ.

ಅಮ್ಮ ಹುರುಳಿಯ ಪಾತ್ರೆಯನ್ನು ಸದ್ದಾಗದಂತೆ ಸೊಂಟಕ್ಕೊತ್ತಿಕೊಂಡು ತಿರುಗಿದಳು. ನಾನು ಈಗಲೇ ಕೇಳುತ್ತೇನೆಂದು ಹೊರಟೆ. ಅವಳು ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದಳು.

"ಕೇಳಿದ್ರೆ ಅವರು ಸುಳ್ಳು ಹೇಳ್ಬೇಕಾಗುತ್ತೆ. ಪಾಪ, ಯಾಕೆ?" ಎಂದಳು ಮನೆಗೆ ಬಂದಮೇಲೆ. "ಯಾರೋ ಅಂದಿರ್ತಾರೆ, ಅಂಥವರ ಮನೆ ಮುಸುರೆ ಕುಡಿಸಿದ್ರೆ ಹಸು ಕಂದು ಹಾಕದೆ ಇನ್ನೇನಾಗುತ್ತೆ ಅಂತ. ಅವರೂ ನಂಬಿರ್ತಾರೆ. ನಂಗೇನು ಹೊಸದಾ ಇದು? ನಾನು ಓದೋವಾಗ ಸ್ಕೂಲಲ್ಲಿ ನೀರು ಕೇಳಿದ್ರೆ ಬೊಗಸೆಗೆ ಮೇಲಿಂದ ಹುಯ್ತಿದ್ರು." ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಬೆಳಿಗ್ಗೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮರುದಿನದಿಂದ ಬಾಗಿಲಲ್ಲಿ ಬಕೀಟಿಲ್ಲ. ದೊಡ್ಡಮ್ಮ ಬಂದು ಕೇಳಿದಾಗ, "ಈಗೀಗ ಅಡುಗೆನೇ ಕಮ್ಮಿ ಅಕ್ಕ, ಕಲಗಚ್ಚು ಆಗ್ತಿಲ್ಲ" ಎಂದಳು. ದೊಡ್ಡಮ್ಮ ಅವಳ ಮುಖವನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದಂತಿತ್ತು. ಆಮೇಲೆ ತಲೆ ತಗ್ಗಿಸಿ ಹೋದರು. ತಪ್ಪು ಮಾಡಿದವರ ನಡಿಗೆ ಅದೇ ಎಂದು ನಾನು ಖುಷಿಪಟ್ಟೆ.

ಹಸು ಚೇತರಿಸಿಕೊಂಡಿತು, ಮತ್ತೆ ಗಬ್ಬವಾಗಿ ಕರು ಹಾಕಿತು. ದೊಡ್ಡಮ್ಮ ಚೊಂಬಿಗೆ ಸೆರಗು ಮುಚ್ಚಿಕೊಂಡು ಗಿಣ್ಣು ಹಾಲು ತಂದರು. ಅಮ್ಮ ಹೊಸ್ತಿಲಾಚೆ ಬರಲಿಲ್ಲ.

"ಕಲಗಚ್ಚು ಕೊಡದೋರಿಗೆ ಗಿಣ್ಣು ಯಾಕಕ್ಕ? ಕೊಟ್ಟೋರಿಗೆ ಕೊಡಿ."

ಗಿಣ್ಣನ್ನು ಬೇಡವೆಂದವರನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ದೊಡ್ಡಮ್ಮ ಚೊಂಬಿಗೆ ಮತ್ತೆ ಸೆರಗು ಮುಚ್ಚಿ, "ನಿಮ್ಮಿಷ್ಟ ಟೀಚ್ರಮ್ಮ" ಎಂದು ಹೋದರು. ನನಗೆ ಅಮ್ಮನ ಬಗ್ಗೆ ಆವತ್ತು ಎಷ್ಟು ಹೆಮ್ಮೆ! ಮುಂದಿನ ಬೇಸಿಗೆಯಲ್ಲಿ ಅಮ್ಮ ಬೇಲೂರಿನ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡಳು. ಸಾಮಾನಿನ ಜೊತೆ ಆ ಪುಡಿಯೂ ಬಂತು. ಅದನ್ನು ಅವಳು ಬಿಡಲಿಲ್ಲ. "ಯಾರು ಹೆಂಗಿದ್ರೇನು, ನೆಲಕ್ಕೆ ನೀರಿಗೆ ನಾವು ಕೆಟ್ಟದ್ದು ಮಾಡೋದು ಬೇಡ" ಎನ್ನುತ್ತಿದ್ದಳು.

ವರ್ಷಗಳು ಕಳೆದವು. ನನಗೆ ಬೇಲೂರಿನ ಒಂದು ಕಚೇರಿಯಲ್ಲಿ ಕೆಲಸವಾಯಿತು. ಎರಡು ಸಾವಿರದ ನಂತರದ ಯಾವುದೋ ಒಂದು ವರ್ಷ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ ನನ್ನ ಕೈ ಹಿಡಿದರು.

"ಟೀಚ್ರಮ್ಮನ ಮಗಳಲ್ವೇನವ್ವ ನೀನು?"

ದೊಡ್ಡಮ್ಮ. ಕಣ್ಣು ತೋರಿಸಲು ಬೇಲೂರಿಗೆ ಬಂದವರು ಹಗರೆಯಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಅಮ್ಮನ ಆರೋಗ್ಯ ಕೇಳಿ, ಆಮೇಲೆ ದನಿ ತಗ್ಗಿಸಿ, "ಅವ್ರಿಗೆ ನನ್ಮ್ಯಾಲೆ ಇನ್ನೂ ಕ್ವಾಪ ಐತಾ?" ಎಂದರು.

ಅವರು ಎದುರಾದರೆ ಏನನ್ನಬೇಕೆಂದು ನಾನು ವರ್ಷಗಟ್ಟಲೆ ಮನಸ್ಸಲ್ಲೇ ಮಾತು ಮಸೆದಿಟ್ಟುಕೊಂಡಿದ್ದೆ. ಅದು ಹಾಗೇ ಹೊರಗೆ ಬಂತು. "ನಮ್ಮ ಮನೆ ಕಲಗಚ್ಚನ್ನ ಮಾತ್ರ ಚರಂಡಿಗೆ ಚೆಲ್ತಿದ್ರಲ್ಲ ದೊಡ್ಡಮ್ಮ. ನಾನೂ ಅಮ್ಮನೂ ಹಿತ್ತಲಲ್ಲಿ ನಿಂತು ನೋಡಿದ್ವಿ."

"ನೋಡಿದ್ರಾ?" ಅವರು ಕಲ್ಲುಬೆಂಚಿನ ಮೇಲೆ ಕುಸಿದು ಕೂತರು. "ಆ ಎಲೆ ಚಿತ್ರದ ಪುಡಿ ಕಣವ್ವ ಅದು. ಡಾಕ್ಟ್ರು ಬಾನಿ ಒಳಕ್ಕೆ ಕೈಯಾಡ್ಸಿ, ಇದೇನ್ರೀ ಇಷ್ಟು ನೊರೆ, ಸೋಪಿನ ನೀರ ದನಕ್ಕೆ ಕುಡಿಸ್ತಾರಾ ಅಂತ ಬೈದ್ರು. ಅದ ಕುಡ್ಸಾದು ನಿಲ್ಲಿಸ್ದೆ. ಭೇದಿ ನಿಂತೋಯ್ತು. ಕರ ಹೋಗಿದ್ದೂ ಅದ್ರಿಂದ್ಲೇನಾ ಅಂದೆ, ಇದ್ರೂ ಇರ್ಬೋದು ಅಂದ್ರು. ಹೆಣ್ಗರ ಕಣವ್ವ ಅದು."

"ಅಮ್ಮಂಗೆ ಹೇಳ್ಬಾರ್ದಿತ್ತಾ?"

"ಹೆಂಗೇಳ್ಲಿ? ನಮ್ಮ ಹಸೀಗೋಸ್ಕರ ಅಂತ ಅಷ್ಟು ದೂರದಿಂದ ತರಿಸಿದೋರು. ಮನೆಗೆ ಬಂದು ಓದಿ ಹೇಳಿದೋರು. ನಿಮ್ಮಿಂದ್ಲೇ ಕರ ಹೋಯ್ತು ಅಂತ ಆ ತಾಯಿ ಮಕ ನೋಡ್ಕಂಡು ಹೇಳಕ್ಕಾಯ್ತದಾ? ಬಕೀಟು ತರಾದು ಬಿಟ್ರೆ ಬ್ಯಾಸ್ರ ಮಾಡ್ಕತಾರೆ ಅಂತ ದಿನಾ ತಂದು ಹಿಂದ್ಗಡೆ ಚೆಲ್ತಿದ್ದೆ."

ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. "ನಾವು ಬೇರೆ ಥರ ಅಂದ್ಕೊಂಡ್ವಿ" ಎಂದೆ.

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ ಶಿವನೇ, ಅಂಗಂದ್ಕಂಡ್ರಾ?" ಎಂದರು. ಆಮೇಲೆ ಕೈ ಇಳಿಸಿ, "ಅಂದ್ಕಳ್ದೆ ಏನ್ಮಾಡೀರಿ. ನಮ್ಮೋರು ಮಾಡಿರಾದು ಕಮ್ಮಿನಾ" ಎಂದರು. ಹಗರೆಯ ಬಸ್ಸು ಬಂತು. ಹತ್ತಿಸಿದೆ. ಕಿಟಕಿಯಲ್ಲಿ ಕೂತು, "ನಿಮ್ಮಮ್ಮಂಗೆ ಹೇಳವ್ವ, ಹೇಳು" ಎನ್ನುತ್ತಲೇ ಹೋದರು.

ನಾನು ಓಡುನಡಿಗೆಯಲ್ಲಿ ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿದ್ದಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಮ್ಮ ಸೌಟು ಹಿಡಿದೇ ಕೇಳಿದಳು.

"ಹಂಗಾದ್ರೆ ಅದಕ್ಕಲ್ಲ ಚೆಲ್ಲಿದ್ದು," ಎಂದಳು. ಮುಖ ಅರಳಿತು. ಅಷ್ಟು ವರ್ಷದ ಭಾರ ಇಳಿದದ್ದು ನನ್ನ ಕಣ್ಣಿಗೇ ಕಂಡಿತು. "ಅಲ್ಲ ಕಣೇ, ಅದಕ್ಕಲ್ಲ! ನಾನೆಂಥ ಪೆದ್ದಿ, ಗಿಣ್ಣು ತಂದೋರನ್ನ ಬಾಗಿಲಿಂದ ಕಳಿಸ್ದೆ. ಭಾನುವಾರ ಹಳೇಬೀಡಿಗೆ ಹೋಗಿ ಬರೋಣ."

ನಾನು ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತೋ ಏನೋ. ಆದರೆ ದೊಡ್ಡಮ್ಮನ ಮೇಲಿಂದ ಇಳಿದ ಸಿಟ್ಟು ಎಲ್ಲಾದರೂ ಹೋಗಬೇಕಿತ್ತಲ್ಲ. ಸಿಂಕಿನ ಪಕ್ಕದಲ್ಲೇ ಆ ಪುಡಿಯ ಪೊಟ್ಟಣ ಇತ್ತು. ಎಲೆ ಮೊದಲಿಗಿಂತ ದೊಡ್ಡದಾಗಿತ್ತು, ಈಗ ಒಂದು ನದಿಯೂ ಸೇರಿಕೊಂಡಿತ್ತು. ಹಿಂದೆ ತಿರುಗಿಸಿದೆ. ಮುಂದೆ ಕನ್ನಡ, ಹಿಂದೆ ಅಮ್ಮ ಎಂದೂ ಓದದ ಇಂಗ್ಲಿಷು. ಸಾಸಿವೆ ಕಾಳಿನಷ್ಟು ಅಕ್ಷರ. "ಮಕ್ಕಳಿಂದ, ಸಾಕುಪ್ರಾಣಿಗಳಿಂದ ದೂರ ಇಡಿ, ಹೊಟ್ಟೆಗೆ ಹೋಗದಂತೆ ನೋಡಿಕೊಳ್ಳಿ ಅಂತ ಬರೆದಿದ್ದಾರಮ್ಮ! ಮುಂದೆ ಎಲೆ, ಹಿಂದೆ ಇದು! ಕಳ್ಳರು!" ಎಂದು ಕೂಗಾಡಿದೆ.

ಅಮ್ಮನ ಮುಖದ ನಗು ಹೋಯಿತು. ಸ್ಟೋವು ಆರಿಸಿ, ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು.

"ಕರು ಗಂಡಾ, ಹೆಣ್ಣಾ?"

"ಹೆಣ್ಣಂತೆ."

ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು. "ಜಾತಿಗೆ ಚೆಲ್ಲಿದ್ರು ಅಂದ್ಕೊಂಡಾಗ ತಡ್ಕೊಂಡೆ ಕಣೇ. ತಪ್ಪು ಅವರದು, ನಂದಲ್ಲ ಅಂತ ತಡ್ಕೊಂಡೆ. ಇದನ್ನ ಹೆಂಗೆ ತಡ್ಕೊಳ್ಳಲಿ?"

"ನಿಂದೇನಮ್ಮ ತಪ್ಪು? ಸುಳ್ಳು ಅಚ್ಚು ಹಾಕಿದೋರು ಕಂಪನಿಯೋರು."

"ಅಚ್ಚು ಹಾಕಿದೋರು ಅವರು," ಎಂದಳು ಅಮ್ಮ. "ಬೀದಿ ದಾಟಿ ಹೋಗಿ ಓದಿದೋಳು ನಾನು."

ಆ ಭಾನುವಾರ ನಾವು ಹಳೇಬೀಡಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದಳು. ಮುಂದಿನ ಭಾನುವಾರವೂ ಹೋಗಲಿಲ್ಲ. ಕಡಲೆಕಾಯಿ ಕಟ್ಟಿದ ಕಾಗದ ಈಗಲೂ ಮನೆಗೆ ಬರುತ್ತದೆ. ಅಮ್ಮ ಬಿಡಿಸಿ, ಕಾಯಿ ತಿಂದು, ಕಾಗದವನ್ನು ಓದದೆ ಮುದುರಿ ಎಸೆಯುತ್ತಾಳೆ.